ಹಾಡು ನಿಧಾನ, ಶ್ರುತಿ ಇದ್ದಲ್ಲೇ

‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ಕೊನೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಷ್ ಜೋಡಿಯಾಗಿ ನುಡಿಸುವ ಗಿಟಾರ್ ಭಾಗ ಕೇಳಿದವರ ಕಿವಿಗೆ ಬಾಯಿಪಾಠ. ಕಲಿಯ ಹೊರಟವರ ಬೆರಳಿಗೆ ಮಾತ್ರ ಅದು ನಿಲ್ದಾಣ ಬಿಟ್ಟ ಬಸ್ಸು.

ಆ ಹಾಡಿನ ಆಲ್ಬಮ್ ಬಂದ 1976ರ ಕಾಲಕ್ಕೆ ಇದಕ್ಕೊಂದು ಒರಟು ಉಪಾಯವಿತ್ತು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಗ್ರಾಮಫೋನ್ ತಟ್ಟೆಯನ್ನು 16⅔ಕ್ಕೆ ಇಳಿಸುವುದು. ವೇಗವೇನೋ ಅರ್ಧವಾಗುತ್ತಿತ್ತು, ಜೊತೆಗೆ 440 ಹರ್ಟ್ಸ್‌ನ ಸ್ವರ 220ಕ್ಕೆ ಜಾರಿ, ಗಾಯಕ ನಿದ್ದೆಗಣ್ಣಿನ ರಾಕ್ಷಸನಾಗುತ್ತಿದ್ದ. ಸರಿಯಾಗಿ ಅರ್ಧವಾದರೆ ಪರವಾಗಿಲ್ಲ, ಒಂದು ಸ್ಥಾಯಿ ಕೆಳಗಿಳಿದರೂ ಅವೇ ಸ್ವರಗಳು. ಮುಕ್ಕಾಲು ವೇಗಕ್ಕೆ ಇಳಿಸಿದರೆ ಸ್ವರಗಳೇ ಬದಲಾಗುತ್ತವೆ.

ಈಗ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೇ ಹಾಡನ್ನು ಶೇ. 70ರ ವೇಗಕ್ಕೆ ತಂದರೂ ಶ್ರುತಿ ಕದಲುವುದಿಲ್ಲ. ಇದರ ಒಂದು ವಿಧಾನ ದರ್ಜಿಯ ಕೆಲಸದಂತೆ. ಧ್ವನಿಯನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಪುಟ್ಟ ಚೂರುಗಳಾಗಿ ಕತ್ತರಿಸಿ, ಅಂಚಿನ ಮೇಲೆ ಅಂಚು ಬರುವಂತೆ ಮತ್ತೆ ಹೊಲಿಯುತ್ತಾರೆ. ಉದ್ದ ಸಾಲದ ಕಡೆ ಅದೇ ಧ್ವನಿಯ ತುಣುಕು ಇನ್ನೊಮ್ಮೆ ಬರುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವುದರಿಂದ ಒಂದು ಚೂರಿನಲ್ಲಿ ನಾಲ್ಕು ಕಂಪನಗಳಿರುತ್ತವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ತೆರನವು. ಅಂಥದ್ದೇ ಇನ್ನೆರಡು ಸೇರಿದರೆ ಕಿವಿಗೆ ಗೊತ್ತಾಗದು. ಆದರೆ ಹೊಲಿಗೆಯಲ್ಲಿ ಅಲೆಯ ಉಬ್ಬಿಗೆ ಉಬ್ಬೇ ಕೂಡಬೇಕು. ಅದು ತಪ್ಪಿದರೆ ಸ್ವರ ನಡುಗುತ್ತದೆ.

ಕಷ್ಟವಿರುವುದು ತಂತಿ ಮೀಟುವ ಕ್ಷಣದಲ್ಲಿ. ಆ ‘ಟಕ್’ ಒಂದೇ ಸಲ ಆಗುವಂಥದ್ದು, ಅದನ್ನು ಎರಡು ಸಲ ಹೊಲಿದರೆ ‘ಟಟಕ್’. ಜಾಣ ತಂತ್ರಾಂಶಗಳು ಮೀಟನ್ನು ಮೊದಲೇ ಗುರುತಿಸಿ ಅದನ್ನು ಮುಟ್ಟದೆ, ಅದರ ನಂತರದ ನಾದವನ್ನಷ್ಟೇ ಎಳೆಯುತ್ತವೆ. ಹಾಗಿದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ ಎನ್ನುತ್ತೇನೆ. ಅಲ್ಲಿ ಕೇಳಿಸುವುದು ಗಿಟಾರಿಗಿಂತ ಹೆಚ್ಚಾಗಿ ಹೊಲಿಗೆ.

ಇನ್ನೊಂದು ವಿಧಾನಕ್ಕೆ ಫೇಸ್ ವೊಕೋಡರ್ ಎಂದು ಹೆಸರು. ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಅದನ್ನು ವಿವರಿಸಿದಾಗ ಅವರ ತಲೆಯಲ್ಲಿದ್ದದ್ದು ಮನುಷ್ಯರ ಮಾತು, ಗಿಟಾರ್ ಅಲ್ಲ!

ಗಾಯನ, ಡ್ರಮ್ಸ್ ಅಡ್ಡ ಬಂದರೆ ಅವನ್ನು ಬೇರ್ಪಡಿಸಲೂಬಹುದು. ಡೀಝರ್ ಕಂಪನಿ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸ್ಪ್ಲೀಟರ್ ತಂತ್ರಾಂಶ, ಹಾಡನ್ನು ಗಾಯನ, ಡ್ರಮ್ಸ್, ಬಾಸ್, ಪಿಯಾನೊ, ‘ಇತರೆ’ ಎಂದು ಐದು ಪಾಲು ಮಾಡಬಲ್ಲದು. ಗಿಟಾರಿಗೆ ಅಲ್ಲಿ ಸ್ವಂತ ಖಾತೆಯಿಲ್ಲ, ಅದು ‘ಇತರೆ’. ಫೆಲ್ಡರ್, ವಾಲ್ಷ್ ಇಬ್ಬರೂ ಅದೇ ಡಬ್ಬಿಯಲ್ಲಿ. ಯಾವ ಎಳೆ ಯಾರದೆಂದು ಬಿಡಿಸಿಕೊಳ್ಳುವಷ್ಟರಲ್ಲಿ ಚಹಾ ಎರಡು ಸಲ ಆರಿರುತ್ತದೆ.