ಹಳೆ ಮನೆ ಕೆಡಹುವ ಮುನ್ನ ಗೋಡೆಗೊಮ್ಮೆ ಸುತ್ತು ಬನ್ನಿ

ಹಳೆ ಮನೆ ಕೆಡವಲು ಜೆಸಿಬಿಗೆ ಹೇಳಿಯಾಗಿತ್ತು. ಹಿಂದಿನ ಸಂಜೆ ಉಮ್ಮ ಅಡುಗೆಕೋಣೆಯ ಹೊರಗೋಡೆ ಹತ್ರ ನಿಂತು, "ಇವುಗಳಿಗೆ ಇನ್ನು ಎಂಥ ಗತಿ?" ಎಂದರು. ಕೆಂಪುಕಲ್ಲಿನ ಸಂದಿಯಿಂದ ಮೇಣದ ಸಣ್ಣ ನಳಿಗೆ ಹೊರಬಂದಿತ್ತು. ಅದರ ಬಾಯಲ್ಲಿ ಇರುವೆಯಷ್ಟೇ ದೊಡ್ಡ ಕಪ್ಪು ಹುಳಗಳು. ಮುಜಂಟಿ ಜೇನು! ಉಮ್ಮ ಮದುವೆಯಾಗಿ ಬಂದಾಗಲೇ ಅವು ಅಲ್ಲಿದ್ದವಂತೆ.

ಇಂಥದ್ದೇ ಇನ್ನೊಂದು ಗೂಡು ಚಾವಡಿಯ ಗೋಡೆಯಲ್ಲಿತ್ತು. ಸಿಮೆಂಟು ಸಾರಣೆ ಮಾಡಿಸುವಾಗ ಯಾರೂ ಗಮನಿಸಲಿಲ್ಲ, ತೂತು ಮುಚ್ಚಿಹೋಯಿತು. ಹೊರಗೆ ಉಳಿದ ಹುಳಗಳು ಎರಡು ದಿನ ಅದೇ ಜಾಗದಲ್ಲಿ ಸುತ್ತಿ ಸುತ್ತಿ ಸತ್ತವು. ಉಮ್ಮ ಅದನ್ನು ಮರೆತಿರಲಿಲ್ಲ.

ಮುಜಂಟಿ ಕುಟುಕುವುದಿಲ್ಲ. ತೀರಾ ಕೆಣಕಿದರೆ ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಅಷ್ಟೆ. ಮರದ ಪೊಟರೆ, ಕಲ್ಲಿನ ಸಂದಿ, ಮಣ್ಣಿನ ಗೋಡೆ ಅದರ ಮನೆ. ಈಗ ಹಳೆ ಮರವೂ ಇಲ್ಲ, ಹಳೆ ಗೋಡೆಯೂ ಇಲ್ಲ. ಕುರ್‌ಆನಿನ 16ನೇ ಅಧ್ಯಾಯಕ್ಕೆ ಜೇನಿನದ್ದೇ ಹೆಸರು, ಅನ್ನಹ್ಲ್. ಬೆಟ್ಟ, ಮರಗಳ ಜೊತೆಗೆ ಮನುಷ್ಯರು ಕಟ್ಟಿದ್ದರಲ್ಲೂ ಜೇನು ಮನೆ ಮಾಡುವ ಮಾತು ಅಲ್ಲಿ ಬರುತ್ತದೆ. ನಾವು ಕಟ್ಟುವ ಹೊಸ ಮನೆಗಳಲ್ಲಿ ಅವಕ್ಕೆ ಒಂದು ಬೆರಳು ಸಂದಿಯೂ ಉಳಿದಿಲ್ಲ.

ಜೆಸಿಬಿಯನ್ನು ಹತ್ತು ದಿನ ಮುಂದೂಡಿದೆವು. ಜೇನು ಸಾಕುವ ನೆರೆಮನೆಯ ಕಾಕ ಬಂದು ಕಲ್ಲನ್ನು ಮೆಲ್ಲ ಸರಿಸಿದರು. ಮುಜಂಟಿಗೆ ಎರಿ ಇಲ್ಲ. ಮೇಣ, ಅಂಟು ಸೇರಿಸಿ ಮಾಡಿದ ಸಣ್ಣ ಸಣ್ಣ ಮಡಕೆಗಳಲ್ಲಿ ಜೇನು, ಇನ್ನೊಂದು ಕಡೆ ಮೊಟ್ಟೆ-ಮರಿಗಳ ಗೊಂಚಲು. ಕಾಕ ಗೊಂಚಲನ್ನು ಒಡೆಯದೆ ಮರದ ಪೆಟ್ಟಿಗೆಯೊಳಗಿಟ್ಟರು. ರಾಣಿ ಬಂದಿದೆಯಾ ಎಂದು ನೋಡಿಕೊಂಡರು. ಒಡೆದ ಜೇನಿನ ಮಡಕೆ ಹಾಕಲಿಲ್ಲ, ಹಾಕಿದರೆ ಇರುವೆ ಮುತ್ತುತ್ತದೆ. ಹಳೆ ನಳಿಗೆಯ ಮೇಣವನ್ನೇ ಪೆಟ್ಟಿಗೆಯ ತೂತಿನ ಸುತ್ತ ಮೆತ್ತಿ, ಹಳೆ ಬಾಗಿಲಿದ್ದ ಜಾಗದಲ್ಲೇ ಇಟ್ಟರು. ಹೊರಗೆ ಹೋಗಿದ್ದ ಹುಳಗಳು ಒಂದೊಂದಾಗಿ ಒಳಸೇರಿದವು. ಆಮೇಲೆ ರಾತ್ರಿ ಹೊತ್ತು ಬಾಯಿ ಮುಚ್ಚಿ ದೂರದ ಅಕ್ಕನ ಮನೆಗೆ ಸಾಗಿಸಿದೆವು. ಹತ್ತಿರದಲ್ಲೇ ಇಟ್ಟರೆ ಹುಳಗಳು ಹಳೆ ಜಾಗಕ್ಕೇ ಮರಳುತ್ತವೆ.

ಈಗ ಪೆಟ್ಟಿಗೆ ಹೊಸ ಮನೆಯ ಹಿಂದೆ, ಬಿಸಿಲು-ಮಳೆ ತಾಗದ ಮಾಡಿನಡಿ ತೂಗುತ್ತಿದೆ. ಆದರೆ ಪೆಟ್ಟಿಗೆ ಇಟ್ಟರೆ ಸಾಲದು, ಹೂವೂ ಬೇಕು. ಮುಜಂಟಿ ಬಹುದೂರ ಹಾರುವುದಿಲ್ಲ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿಸಿದರೆ ಅದು ಉಣ್ಣುವುದೆಲ್ಲಿಂದ? ತೆಂಗು ವರ್ಷವಿಡೀ ಹೂ ಬಿಡುತ್ತದೆ. ನುಗ್ಗೆ, ನಿಂಬೆ, ಪೇರಳೆ, ಕಾಮಕಸ್ತೂರಿ, ತುಂಬೆ ಇದ್ದರೆ ಒಳ್ಳೆಯದು. ನಾಚಿಕೆಮುಳ್ಳನ್ನು ಒಂದು ಮೂಲೆಯಲ್ಲಾದರೂ ಉಳಿಸಿ, ಮಳೆಗಾಲದಲ್ಲಿ ಅದರ ಪರಾಗ ಉಪಕಾರಕ್ಕೆ ಬರುತ್ತದೆ. ತರಕಾರಿಗೆ ಮದ್ದು ಹೊಡೆಯಲೇಬೇಕಾದರೆ ಹುಳಗಳು ಗೂಡು ಸೇರಿದ ಮೇಲೆ, ಸಂಜೆ. ಹೂವಿನ ಮೇಲಂತೂ ಬೇಡವೇ ಬೇಡ.

ಲಾಭ ನಮಗೂ ಇದೆ. ಹಾಗಲ, ಸೌತೆ, ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹುಳ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ.

ಜೇನಿಗಾಗಿ ಮಾತ್ರ ಆಸೆ ಪಡಬೇಡಿ. ಮುಜಂಟಿಯಲ್ಲಿ ಸಿಗುವುದು ಸ್ವಲ್ಪವೇ. ಬೇಸಿಗೆಯಲ್ಲಿ ತೆಗೆದರೂ ಪೂರ್ತಿ ತೆಗೆಯಬಾರದು. ಜೂನಿನಿಂದ ಜಡಿಮಳೆ, ಹುಳ ಹೊರಗೆ ಹೋಗಲಾಗದು. ಆ ದಿನಗಳಿಗೆಂದು ಅದು ಕೂಡಿಟ್ಟ ಗಂಟು ಅದು. ಮೊನ್ನೆ ಕಾಕ ಪೆಟ್ಟಿಗೆ ತೆರೆದು, "ಈ ವರ್ಷ ಮುಟ್ಟುವುದು ಬೇಡ, ಅವು ಮನೆ ಕಟ್ಟಿ ಸುಸ್ತಾಗಿವೆ" ಎಂದರು. ಉಮ್ಮನೂ ಹೂಂ ಎಂದರು.

ನಿಮ್ಮಲ್ಲೂ ಹಳೆ ಮನೆ ಕೆಡವಲಿಕ್ಕಿದೆಯಾ, ಸಾರಣೆ ಮಾಡಿಸಲಿಕ್ಕಿದೆಯಾ? ಮೇಸ್ತ್ರಿ ಬರುವ ಮುಂಚೆ ಬಿಸಿಲು ಹೊತ್ತಿನಲ್ಲಿ ಗೋಡೆಗೊಮ್ಮೆ ಸುತ್ತು ಬನ್ನಿ. ಸಂದಿಯಲ್ಲಿ ಮೇಣದ ನಳಿಗೆ ಕಂಡರೆ, ಜೇನು ಬಲ್ಲವರೊಬ್ಬರನ್ನು ಕರೆಯಿರಿ. ಕೆಲಸ ನಾಲ್ಕು ದಿನ ತಡವಾದೀತು, ಆಗಲಿ.