ಹಳೆಯ ಕ್ರಯಪತ್ರಗಳ ಸಂಕ್ಷೇಪಾಕ್ಷರಗಳು ಮತ್ತು ಕುಟುಂಬ ಚರಿತ್ರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಒಕ್ಕಲು ಮನೆತನಗಳ ಚರಿತ್ರೆಯನ್ನು ಅರಸುವವರಿಗೆ ಶಾಸನಗಳಿಗಿಂತ ಕ್ರಯಪತ್ರ, ಭೋಗ್ಯಪತ್ರ, ಪಾಲುಪಾರೀಕತ್ತುಗಳೇ ಹತ್ತಿರದ ಆಕರಗಳು. ಗ್ರಾಮಾಂತರ ಜಿಲ್ಲೆ ರಚನೆಯಾದದ್ದು 1986ರಲ್ಲಿ; ಅದಕ್ಕೆ ಹಿಂದಿನ ಪತ್ರಗಳನ್ನು ಅವಿಭಜಿತ ಬೆಂಗಳೂರು ಜಿಲ್ಲೆಯ ಹೆಸರಿನಲ್ಲಿಯೇ ಹುಡುಕಬೇಕು. ಇವನ್ನು ಬರೆದವರು ಪದದ ಮೊದಲಕ್ಷರವನ್ನಿಟ್ಟು, ಎರಡು ನಿಲುಗೆರೆ ಎಳೆದು ಮುಂದೆ ಸಾಗುತ್ತಿದ್ದರು. ಓದುವವರ ತೊಡಕು ಅಲ್ಲಿಂದಲೇ ಆರಂಭ.

‘ತಾ||’ ಎಂಬುದು ಊರಿನ ಹೆಸರಾದ ಮೇಲೆ ಬಂದರೆ ತಾಲ್ಲೂಕು, ಅಂಕಿಗೆ ಮೊದಲು ಬಂದರೆ ತಾರೀಖು. ‘ದಿ||’ ಇನ್ನೂ ತೊಡಕಿನದು: ಅಂಕಿಗೆ ಮೊದಲು ಅದು ದಿನಾಂಕ, ವ್ಯಕ್ತಿನಾಮಕ್ಕೆ ಮೊದಲು ದಿವಂಗತ. ‘ಮುನಿಯಪ್ಪ ಬಿನ್ ದಿ|| ಹನುಮಯ್ಯ’ ಎಂಬ ನಮೂದನ್ನು ಕಲ್ಪಿಸಿಕೊಳ್ಳೋಣ. ಪತ್ರವಾದ ದಿನಕ್ಕೆ ತಂದೆ ತೀರಿಕೊಂಡಿದ್ದನೆಂದು ಇದರಿಂದ ತಿಳಿಯುತ್ತದೆ. ಮರಣ ನೋಂದಣಿ ದೊರೆಯದ ಮನೆತನಗಳಿಗೆ ಅನೇಕ ವೇಳೆ ಈ ಒಂದಕ್ಷರವೇ ಸಾಕ್ಷ್ಯ.

‘ಬಿನ್’ ಅರಬ್ಬಿ ಮೂಲದ ಪದ, ಮಗ ಎಂದರ್ಥ. ಮತಭೇದವಿಲ್ಲದೆ ಎಲ್ಲರಿಗೂ ಬಳಕೆಯಾಗಿದೆ. ‘ಕೋಂ’ ಎಂದರೆ ಹೆಂಡತಿ. ಇವು ಸಂಕ್ಷೇಪಗಳಂತೆ ಕಂಡರೂ ಸಂಕ್ಷೇಪಗಳಲ್ಲ, ಹೆಸರಿನ ಭಾಗವಂತೂ ಅಲ್ಲವೇ ಅಲ್ಲ. ಒಬ್ಬಳೇ ಹೆಣ್ಣುಮಗಳು ತವರಿನ ಪತ್ರದಲ್ಲಿ ತಂದೆಯ ಹೆಸರಿನೊಡನೆ, ಗಂಡನ ಮನೆಯ ಪತ್ರದಲ್ಲಿ ‘ಕೋಂ’ ಎಂಬುದರೊಡನೆ ಕಾಣಿಸಿಕೊಳ್ಳುತ್ತಾಳೆ. ಆಕೆಯನ್ನು ಇಬ್ಬರೆಂದು ಎಣಿಸಿದಲ್ಲಿ ವಂಶವೃಕ್ಷದಿಂದ ಒಂದು ಕೊಂಬೆಯೇ ಕಳಚಿಬೀಳುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ನೀಡಿದ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿ ಉಳಿದಿಲ್ಲ.

ಅಂಕಿಗಳೂ ಸಂಕ್ಷೇಪಗಳೇ. ವಿಸ್ತೀರ್ಣದಲ್ಲಿ ‘2-20’ ಎಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದುದರಿಂದ ಅದು ಎರಡೂವರೆ ಎಕರೆ. ‘12-8-0’ ಎಂಬುದು ರೂಪಾಯಿ, ಆಣೆ, ಪೈ. ಆಸ್ತಿಯ ಭಾಗವನ್ನೂ ಆಣೆಯಲ್ಲಿಯೇ ಹೇಳುವ ರೂಢಿಯಿತ್ತು. ‘ನಾಲ್ಕಾಣೆ’ ಎಂದರೆ ಕಾಲುಭಾಗ. ಅದನ್ನು ಬೆಲೆಯೆಂದು ತಿಳಿದವರಿಗೆ ಪಾಲುದಾರರ ಲೆಕ್ಕವೇ ತಪ್ಪುತ್ತದೆ.

ತಿಥಿಯಲ್ಲಿ ‘ಶು||’ ಶುದ್ಧ, ‘ಬ||’ ಬಹುಳ. ನಿಜವಾದ ಕಷ್ಟವಿರುವುದು ಸಂವತ್ಸರದಲ್ಲಿ. ಶಕವರ್ಷ ಬರೆಯದೆ ಬಿಟ್ಟ ‘ಪ್ರಭವ’ 1867-68 ಇರಬಹುದು, 1927-28 ಇರಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳಲ್ಲಿ ಅರವತ್ತು ವರ್ಷ ಜಾರಿದರೆ ಮೊಮ್ಮಗನ ಕ್ರಯ ಅಜ್ಜನ ಪಾಲಾಗುತ್ತದೆ! ಆಗ ಛಾಪಾಕಾಗದದ ಮುದ್ರೆಯನ್ನು ನೋಡಬೇಕು. ಅದೂ ಮಾಸಿದ್ದರೆ ಅದೇ ಶಾನುಭೋಗನ ಕೈಬರಹದ, ಕಾಲ ನಿಶ್ಚಿತವಾದ ಬೇರೆ ಪತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಒಂದೆಡೆ ಮೊಟಕಾದ ಪದವನ್ನು ಆತ ಇನ್ನೊಂದೆಡೆ ಪೂರ್ಣವಾಗಿ ಬರೆದಿರುವುದುಂಟು. 1963ರಲ್ಲಿ ಶಾನುಭೋಗಿಕೆ ರದ್ದಾದ ನಂತರದ ಪತ್ರಗಳಿಗೆ ಈ ಅನುಕೂಲವಿಲ್ಲ.