20 ಮಿಲಿಗ್ರಾಂ ಮತ್ತು ಮೂರು ವಾರ

ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲಾದಲ್ಲಿ ಹುಮನಾಬಾದ್ ಬಸ್ಸಿಗೆ ಕಾಯುವಾಗ ಪಕ್ಕದವರ ಅಂಗೈ ನೋಡಿ. ತಂಬಾಕಿನ ಮೇಲೆ ಚೂರು ಸುಣ್ಣ, ಹೆಬ್ಬೆರಳಿನ ತಿಕ್ಕು, ಎರಡು ತಟ್ಟು. ಆಮೇಲೆ ಆ ಚಿಟಿಕೆ ವಸಡು, ಕೆನ್ನೆಯ ನಡುವಿನ ಸಂದಿಗೆ. ವರ್ಷಗಳ ಮೇಲೆ ಹುಣ್ಣು ಏಳುವುದೂ ಹೆಚ್ಚಾಗಿ ಅದೇ ಸಂದಿಯಲ್ಲಿ. ‘ಬಾಯಾಗ ಹುಣ್ಣ ಆಗ್ಯಾದ, ಹೀಟ್ ಇರಬೇಕು’ ಅನ್ನುತ್ತಲೇ ತಿಂಗಳುಗಳು ಜಾರುತ್ತವೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ವ್ಯಾಪಾರ ನಡೆದೇ ಇದೆ. 2022ರಲ್ಲಿ ದೇಶದಲ್ಲಿ ತುಟಿ, ಬಾಯಿ ಕ್ಯಾನ್ಸರ್ ಹೊಸದಾಗಿ ತಗುಲಿದವರು ಸುಮಾರು 1.4 ಲಕ್ಷ.

ರೋಗಿಯ ರಕ್ತದಿಂದಲೇ ರೋಗನಿರೋಧಕ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಅವನ್ನು ತಿದ್ದಿ, ಮತ್ತೆ ಮೈಗೆ ಹರಿಸುವ ಕಾರ್-ಟಿ ಚಿಕಿತ್ಸೆಯ ಸುದ್ದಿ ಈಗ ಎಲ್ಲೆಡೆ ಇದೆ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಕಾರ್ಟೆಮಿಯನ್ನು ತಂದಿತು. ಎರಡೂ ರಕ್ತ, ದುಗ್ಧಗ್ರಂಥಿಗಳ ಕ್ಯಾನ್ಸರಿಗೆ. ಅಲ್ಲಿ ಗುರಿ ಸ್ಪಷ್ಟ: ಬಿ ಕೋಶದ ಮೈಮೇಲಿನ ಸಿಡಿ19. ಬಾಯಿಯ ಗಡ್ಡೆಯ ಗುರುತುಗಳೋ ಒಳ್ಳೆಯ ಚರ್ಮದಲ್ಲೂ ಇರುತ್ತವೆ, ಗಡ್ಡೆ ತನ್ನ ಸುತ್ತ ಕೋಟೆಯನ್ನೂ ಕಟ್ಟಿಕೊಂಡಿರುತ್ತದೆ. ಬಸವಕಲ್ಯಾಣದ ರೋಗಿಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಹುಸಿ ಆಸೆಗೆ ಹೊಲ ಮಾರಬಾರದು.

ನಮ್ಮವರಿಗೆ ಹತ್ತಿರದ ದಾರಿ ಬೇರೆ. ಟಿ ಕೋಶಕ್ಕೆ ಪಿಡಿ-1 ಎಂಬ ಬ್ರೇಕ್ ಇದೆ. ಗಡ್ಡೆ ಅದನ್ನೇ ಒತ್ತಿ ಹಿಡಿಯುತ್ತದೆ. ನಿವೊಲುಮ್ಯಾಬ್ ಎಂಬ ಔಷಧಿ ಆ ಹಿಡಿತ ಬಿಡಿಸುತ್ತದೆ. ಆಮೇಲೆ ಹೋರಾಡುವುದು ರೋಗಿಯದೇ ಕೋಶ. ಪೂರ್ಣ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ, ಬಡವರ ಕೈಗೆಟುಕದ ಬೆಲೆ. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು, ಜೊತೆಗೆ ಸಣ್ಣ ಪ್ರಮಾಣದ ಕೀಮೊ. ಶಸ್ತ್ರಚಿಕಿತ್ಸೆಯ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ಮಂದಿಯ ಅಧ್ಯಯನವದು. ಒಂದು ವರ್ಷ ದಾಟಿ ಬದುಕಿದವರು, ಕೀಮೊ ಮಾತ್ರ ಪಡೆದವರಲ್ಲಿ ಶೇ 16.3, ಈ ಔಷಧಿಯೂ ಸೇರಿದವರಲ್ಲಿ ಶೇ 43.4. ಪೂರ್ತಿ ವಾಸಿಯಾಗುವ ಮಾತಲ್ಲ ಇದು. ಆದರೂ ಮಗಳ ಮದುವೆ, ಇನ್ನೊಂದು ವೀರಭದ್ರೇಶ್ವರ ಜಾತ್ರೆ ನೋಡಲು ಸಿಗುವ ತಿಂಗಳುಗಳನ್ನು ನಾನು ಸಣ್ಣದೆನ್ನಲಾರೆ.

ಮೂರು ವಾರಕ್ಕೊಮ್ಮೆ ಡ್ರಿಪ್ ಎಂದರೆ ಮೂರು ವಾರಕ್ಕೊಮ್ಮೆ ಪ್ರಯಾಣ. ಬೆಂಗಳೂರು, ಮುಂಬೈಗೆ ಹಾಗೆ ಓಡಾಡಿದರೆ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೇ ಇದೆ. 2017ರಿಂದ ಹುಮನಾಬಾದಿನಿಂದ ಅಲ್ಲಿಗೆ ರೈಲೂ ಇದೆ. ಆ 20 ಮಿಲಿಗ್ರಾಂ ಅಲ್ಲೇ ಸಿಗುವಂತಾದರೆ ಬೆಳಿಗ್ಗೆ ಹೊರಟವರು ಸಂಜೆ ಮನೆ ಸೇರಬಹುದು.

ಅದಕ್ಕೂ ಮೊದಲು ಒಂದು ಕೆಲಸ ಇವತ್ತೇ ಆಗಲಿ: ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿಕೊಳ್ಳಿ. ಹಿಡಿಸದಿದ್ದರೆ, ಅಥವಾ ಮೂರು ವಾರವಾದರೂ ಹುಣ್ಣು ಮಾಯದಿದ್ದರೆ, ಹೀಟ್ ಎನ್ನದೆ ವೈದ್ಯರಿಗೆ ತೋರಿಸಿ.